ಎಲ್ಲರಿಗೂ ಒಂದೇ ಪುಸ್ತಕ

ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಒಂದು ಪದ್ಧತಿ ಇದೆ. ಹೊಸದಾಗಿ ಸೇರಿದವರು, ವಿಜ್ಞಾನದವರಿರಲಿ ವಾಣಿಜ್ಯದವರಿರಲಿ, ಬೇಸಿಗೆ ರಜೆಯಲ್ಲಿ ಒಂದೇ ಪುಸ್ತಕ ಓದಿಕೊಂಡು ಬರಬೇಕು. ಬಂದ ಮೇಲೆ ಸಣ್ಣ ಗುಂಪುಗಳಲ್ಲಿ ಕುಳಿತು ಚರ್ಚಿಸಬೇಕು. ಸಾಮಾನ್ಯವಾಗಿ ಪರೀಕ್ಷೆಯಿಲ್ಲ, ಅಂಕವಿಲ್ಲ.

2002ರಲ್ಲಿ ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯವು ಇದಕ್ಕಾಗಿ ಮೈಕೆಲ್ ಸೆಲ್ಸ್ ಅವರ ಕುರಾನ್ ಕುರಿತ ಗ್ರಂಥವನ್ನು ಆರಿಸಿತು. ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿ ಇನ್ನೂ ವರ್ಷ ತುಂಬಿರಲಿಲ್ಲ. ಸರ್ಕಾರಿ ವಿದ್ಯಾಸಂಸ್ಥೆ ಧರ್ಮಬೋಧನೆಗೆ ಇಳಿದಿದೆಯೆಂದು ಕೆಲವರು ನ್ಯಾಯಾಲಯದ ಮೆಟ್ಟಿಲೇರಿದರು. ಓದಲು ಮನಸ್ಸಿಲ್ಲದವರು, ಏಕೆ ಓದಲಿಲ್ಲವೆಂದು ಬರೆದು ತರಬಹುದು ಎಂದಿತು ವಿಶ್ವವಿದ್ಯಾಲಯ. ನನಗೆ ಬಹಳ ಹಿಡಿಸಿದ್ದು ಇದೇ. ಒಲ್ಲೆನೆಂದವನಿಗೂ ಯೋಚಿಸುವ ಕೆಲಸ ತಪ್ಪಲಿಲ್ಲ! (ನಾವು ದೂರದರ್ಶನದವರು ಪರ ಒಬ್ಬರು, ವಿರೋಧ ಒಬ್ಬರು ಎಂದು ಕುರ್ಚಿ ಹಾಕಿ ಚರ್ಚೆ ಮುಗಿಸಿಬಿಡುತ್ತೇವೆ.)

ಗ್ರಂಥದಲ್ಲಿ ಆರಂಭಕಾಲದ ಸೂರಾಗಳಷ್ಟೇ ಇವೆ, ಯುದ್ಧದ ಪ್ರಸ್ತಾಪವುಳ್ಳ ನಂತರದ ಭಾಗಗಳಿಲ್ಲ ಎಂಬುದು ಮತ್ತೊಂದು ಆಕ್ಷೇಪ. ಅದರಲ್ಲಿ ಹುರುಳಿತ್ತು. ಆದರೆ ಆ ಕೊರತೆಯನ್ನು ವಾದಿಸಿ ತೋರಿಸಲು ಮೊದಲು ಪುಸ್ತಕ ತೆರೆಯಬೇಕಲ್ಲವೇ? ನ್ಯಾಯಾಲಯ ತಡೆಯಾಜ್ಞೆ ಕೊಡಲಿಲ್ಲ. ಆಗಸ್ಟ್ 19ರಂದು ಹೊಸ ವಿದ್ಯಾರ್ಥಿಗಳು ಗುಂಪುಗುಂಪಾಗಿ ಕುಳಿತು ಮಾತನಾಡಿದರು.