ನಿರ್ನಾಳ ಗ್ರಂಥಿಗಳ ಕಾಯಕ

(ಶ್ರೀಮಠದ ಮಹೋತ್ಸವದ ಜ್ಞಾನಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ವ್ಯಾಕರಣ ತರ್ಕಗಳನ್ನೋದಿದವನಿಗೆ ಶರೀರಶಾಸ್ತ್ರದ ಗೊಡವೆಯೇಕೆಂದು ತಾವು ಕೇಳಬಹುದು. ತಿಳಿಯದೆ ನಾನೊಮ್ಮೆ ಮಾಡಿದ ತಪ್ಪೊಂದು ನನ್ನನ್ನು ಈ ವಿಷಯಕ್ಕೆ ಎಳೆದು ತಂದಿತು. ಅದನ್ನು ತಕ್ಕ ಸ್ಥಳದಲ್ಲಿ ಅರಿಕೆ ಮಾಡಿಕೊಳ್ಳುವೆನು.

ನಮ್ಮ ಶರೀರದಲ್ಲಿ ಎರಡು ಬಗೆಯ ಗ್ರಂಥಿಗಳುಂಟು. ಲಾಲಾಗ್ರಂಥಿಯ ರಸವು ನಾಳದ ಮೂಲಕ ಬಾಯಿಗೆ ಬರುವುದು. ಬೆವರಿನ ಗ್ರಂಥಿಯದು ಚರ್ಮದ ಮೇಲಕ್ಕೆ ಬರುವುದು. ಇವು ನಾಳವುಳ್ಳವು. ಇನ್ನು ಕೆಲವಕ್ಕೆ ನಾಳವೇ ಇಲ್ಲ. ಅವು ತಮ್ಮ ರಸವನ್ನು ನೇರವಾಗಿ ರಕ್ತಕ್ಕೆ ಒಪ್ಪಿಸಿಬಿಡುವುವು. ಆದಕಾರಣ ಅವಕ್ಕೆ ನಿರ್ನಾಳ ಗ್ರಂಥಿಗಳೆಂದು ಹೆಸರು. ಅವುಗಳ ರಸಕ್ಕೆ ಹಾರ್ಮೋನು ಎಂದು ಹೆಸರು. ರಕ್ತದೊಡನೆ ಹರಿದ ಈ ರಸವು ಅಡಿಯಿಂದ ಮುಡಿಯವರೆಗೆ ಎಲ್ಲ ಅವಯವಗಳನ್ನೂ ಮುಟ್ಟುವುದು. ಹಾಗಾದರೆ ಎಲ್ಲ ಅವಯವಗಳೂ ಅದರ ಮಾತನ್ನು ಕೇಳುವುವೋ? ಇಲ್ಲ. ಮಠದಲ್ಲಿ ಪ್ರಸಾದದ ಘಂಟೆ ಬಾರಿಸಿದರೆ ಅದರ ಧ್ವನಿ ಗೋಶಾಲೆಗೂ ಕೇಳುವುದು, ಪಾಠಶಾಲೆಗೂ ಕೇಳುವುದು. ಎದ್ದು ಎಲೆ ಹಾಕುವವರು ಮಾತ್ರ ಆ ಸೇವೆಗೆ ನಿಂತವರು. ಹಾಗೆಯೇ ಯಾವ ಜೀವಕೋಶದಲ್ಲಿ ಆಯಾ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕವಿರುವುದೋ ಆ ಜೀವಕೋಶವೇ ಅದರ ಅಪ್ಪಣೆಯನ್ನು ನಡೆಸುವುದು. ಮಿಕ್ಕವು ತಮ್ಮ ಪಾಡಿಗೆ ತಾವಿರುವುವು.

ಈ ಸಂಗತಿಯು ಲೋಕಕ್ಕೆ ತಿಳಿದುಬಂದ ಬಗೆ ಸ್ವಾರಸ್ಯವಾಗಿದೆ. ಶರೀರದ ಒಂದು ಭಾಗವು ಮತ್ತೊಂದಕ್ಕೆ ಸುದ್ದಿ ಮುಟ್ಟಿಸಬೇಕಾದರೆ ನರಗಳೇ ದಾರಿಯೆಂದು ಮೊದಲು ಪಂಡಿತರು ನಂಬಿದ್ದರು. 1902ರಲ್ಲಿ ಲಂಡನ್ ನಗರದಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬಿಬ್ಬರು ವಿದ್ವಾಂಸರು ಸಣ್ಣ ಕರುಳಿನ ಒಂದು ಭಾಗಕ್ಕೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಅದರೊಳಗೆ ಆಮ್ಲವನ್ನಿಟ್ಟರು. ನರಗಳಿಲ್ಲದಿದ್ದರೂ ಮೇದೋಜೀರಕ ಗ್ರಂಥಿಯು ಜೀರ್ಣರಸವನ್ನು ಸುರಿಸಿತು! ಬಳಿಕ ಕರುಳಿನ ಒಳಪೊರೆಯನ್ನು ಕೆರೆದು, ಆಮ್ಲದೊಡನೆ ಅರೆದು, ಸೋಸಿ, ಆ ನೀರನ್ನು ರಕ್ತನಾಳಕ್ಕೆ ಸೇರಿಸಿದರು. ಮತ್ತೆ ರಸ ಹರಿಯಿತು. ಸುದ್ದಿಯನ್ನು ಹೊತ್ತದ್ದು ರಕ್ತವೆಂದು ಸಿದ್ಧವಾಯಿತು. ಆ ರಸಕ್ಕೆ ಸೆಕ್ರೆಟಿನ್ ಎಂದು ಹೆಸರಿಟ್ಟರು. ಹಾರ್ಮೋನು ಎಂಬ ಪದವನ್ನು ಸ್ಟಾರ್ಲಿಂಗರು 1905ರಲ್ಲಿ ಬಳಕೆಗೆ ತಂದರು. ಪ್ರಚೋದಿಸುವುದು ಎಂಬರ್ಥದ ಗ್ರೀಕ್ ಧಾತುವೇ ಅದರ ಮೂಲ.

ಮಿದುಳಿನ ಕೆಳಗೆ ಬಟಾಣಿ ಕಾಳಿನಷ್ಟು ಗಾತ್ರದ ಪಿಟ್ಯುಟರಿ, ಕೊರಳಿನ ಮುಂಭಾಗದಲ್ಲಿ ಥೈರಾಯ್ಡ್, ಮೂತ್ರಪಿಂಡಗಳ ನೆತ್ತಿಯ ಮೇಲೆ ಅಡ್ರಿನಲ್, ಹೊಟ್ಟೆಯಲ್ಲಿ ಜಠರದ ಹಿಂದೆ ಮೇದೋಜೀರಕ, ಇವು ಮುಖ್ಯವಾದವು. ಹಾವನ್ನು ಕಂಡೊಡನೆ ಎದೆ ಡವಗುಟ್ಟುವುದೂ ಅಂಗೈ ಬೆವರುವುದೂ ತಮ್ಮೆಲ್ಲರ ಅನುಭವಕ್ಕೆ ಬಂದುದೇ. ಎದೆಬಡಿತವನ್ನು ಏರಿಸುವ ಕೆಲಸದಲ್ಲಿ ನರಗಳೊಡನೆ ಅಡ್ರಿನಲಿನ್ ಎಂಬ ರಸವೂ ಕೈಗೂಡಿಸುವುದು.

ಇವುಗಳ ಕಾಯಕದಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದುದು ಮಿತಿ. ಥೈರಾಯ್ಡಿನ ರಸವು ರಕ್ತದಲ್ಲಿ ಕಡಿಮೆಯಾದರೆ ಪಿಟ್ಯುಟರಿಯು ಇನ್ನಷ್ಟು ಕೊಡೆಂದು ಅದಕ್ಕೆ ಅಪ್ಪಣೆ ಕಳುಹಿಸುವುದು. ಸಾಕಷ್ಟು ಆದೊಡನೆ ಆ ಅಪ್ಪಣೆಯನ್ನು ತಾನೇ ತಗ್ಗಿಸುವುದು. ಪಂಕ್ತಿ ಮುಗಿಯುತ್ತ ಬಂದಂತೆ ಅಡಿಗೆಯವನು ಒಲೆಯ ಸೌದೆಯನ್ನು ಹಿಂದಕ್ಕೆಳೆಯುವಂತೆ ಇದು. ಆ ರಸವನ್ನು ಮಾಡಲು ಅಯೋಡಿನ್ ಬೇಕು. ಆಹಾರದಲ್ಲಿ ಅದು ದೊರೆಯದಿದ್ದರೆ ರಸ ಹುಟ್ಟದು, ಅಪ್ಪಣೆ ನಿಲ್ಲದು. ಗ್ರಂಥಿಯು ದುಡಿದು ದುಡಿದು ಊದಿಕೊಳ್ಳುವುದು. ಇದೇ ಗಳಗಂಡ. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ ಮಾತ್ರ. 70 ವರ್ಷ ಬಾಳಿದರೂ ಎಲ್ಲವನ್ನೂ ಕೂಡಿಸಿದರೆ ನಾಲ್ಕು ಗ್ರಾಂ ಮುಟ್ಟದು. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ಡಾಕ್ಟರ್ ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ 1956ರಿಂದ ನಡೆಸಿದ ಪರೀಕ್ಷೆಯಲ್ಲಿ ಅಯೋಡಿನ್ ಬೆರೆಸಿದ ಉಪ್ಪಿನಿಂದ ಗಳಗಂಡವು ತಗ್ಗುವುದೆಂದು ಕಂಡುಬಂದಿತು. ಊರಿಗೂರೇ ಹೊತ್ತಿದ್ದ ಆ ಬಾಧೆಗೆ ಶಾಪವೂ ಕಾರಣವಲ್ಲ, ಪಾಪವೂ ಕಾರಣವಲ್ಲ; ಮಣ್ಣುನೀರುಗಳಲ್ಲಿನ ಒಂದು ಅಣುಮಾತ್ರದ ಕೊರತೆ ಕಾರಣ.

ಇನ್ನು ಮೇದೋಜೀರಕದ ಮಾತು. ಇದಕ್ಕೆ ಎರಡು ಕಾಯಕಗಳು. ಜೀರ್ಣರಸವನ್ನು ನಾಳದ ಮೂಲಕ ಕರುಳಿಗೆ ಕಳುಹಿಸುವುದು ಒಂದು. ಅದರೊಳಗೆ ದ್ವೀಪಗಳಂತೆ ಚದರಿರುವ ಸುಮಾರು ಹತ್ತು ಲಕ್ಷ ಸಣ್ಣ ಗುಂಪುಗಳು ಇನ್ಸುಲಿನ್ ಮೊದಲಾದ ರಸಗಳನ್ನು ರಕ್ತಕ್ಕೆ ಬಿಡುವುದು ಇನ್ನೊಂದು. ಉಂಡ ಅನ್ನವು ಸಕ್ಕರೆಯಾಗಿ ರಕ್ತಕ್ಕೆ ಸೇರುವುದಷ್ಟೆ. ಅದನ್ನು ಮಾಂಸಖಂಡಗಳೊಳಗೆ ಬರಮಾಡಿಕೊಳ್ಳಲೂ, ಯಕೃತ್ತು ತನ್ನ ಸಂಗ್ರಹದಿಂದ ಸಕ್ಕರೆಯನ್ನು ಅತಿಯಾಗಿ ಹೊರಗೆ ಸುರಿಯದಂತೆ ತಡೆಯಲೂ ಇನ್ಸುಲಿನ್ ಬೇಕು. ಅದಿಲ್ಲದಿದ್ದರೆ ಉಗ್ರಾಣ ತುಂಬಿದ್ದೂ ಬೀಗದ ಕೈ ಕಳೆದ ಮನೆಯಂತಾಗುವುದು ದೇಹ. ರಕ್ತದ ತುಂಬ ಸಕ್ಕರೆ, ಜೀವಕೋಶಗಳಿಗೆ ಹಸಿವು. ಆಗ ಮೈಯ ಕೊಬ್ಬು ಕರಗಿ, ಆಮ್ಲಗಳು ಹುಟ್ಟಿ, ರಕ್ತವೇ ವಿಷಮಿಸುವುದು.

ಸುಶ್ರುತ ಸಂಹಿತೆಯಲ್ಲಿ ಪ್ರಮೇಹವನ್ನು ಸಹಜವೆಂದೂ ಅಪಥ್ಯನಿಮಿತ್ತವೆಂದೂ ಎರಡಾಗಿ ವಿಂಗಡಿಸಿ, ಮೊದಲಿನ ರೋಗಿ ಕೃಶನು, ಎರಡನೆಯವನು ಸ್ಥೂಲನು ಎಂದು ಲಕ್ಷಣ ಹೇಳಿದೆ. ಇದರಿಂದ ಪೂರ್ವಿಕರು ಇನ್ಸುಲಿನನ್ನು ಬಲ್ಲವರಾಗಿದ್ದರೆಂದು ಹೇಳಿಕೊಳ್ಳುವುದು ಸತ್ಯಕ್ಕೆ ದೂರ. ಅವರು ಕಣ್ಣಾರೆ ಕಂಡುದನ್ನು ಕಂಡಂತೆ ಬರೆದರು. ಅದೇ ಅವರ ಹಿರಿಮೆ. ಈಗಲೂ ವೈದ್ಯರು ಮಧುಮೇಹದಲ್ಲಿ ಎರಡು ಮುಖ್ಯ ಬಗೆಗಳನ್ನು ಹೇಳುವರು. ಒಂದರಲ್ಲಿ ದೇಹದ ಕಾವಲುಪಡೆಯೇ ಹಗೆಯೆಂದು ಭ್ರಮಿಸಿ, ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಕೊಲ್ಲುವುದು. ಇದು ಹೆಚ್ಚಾಗಿ ಮಕ್ಕಳಲ್ಲೂ ತರುಣರಲ್ಲೂ ತೋರುವುದು. ಇನ್ನೊಂದರಲ್ಲಿ ಬೀಗದ ಕೈ ಇದ್ದರೂ ಬೀಗ ತುಕ್ಕು ಹಿಡಿದಿರುವುದು. ಬರಬರುತ್ತ ಕೈಯೂ ಸಾಲದಾಗುವುದು.

1889ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮೆರಿಂಗ್ ಮತ್ತು ಮಿಂಕೋವ್ಸ್ಕಿ ಎಂಬವರು ನಾಯಿಯೊಂದರ ಮೇದೋಜೀರಕವನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂದಿತು. ಕಾರಣದ ನೆಲೆ ಸಿಕ್ಕಿತಾದರೂ ಮದ್ದು ಸಿಕ್ಕಲು ಮೂವತ್ತು ವರ್ಷಗಳಿಗೂ ಮಿಗಿಲಾದ ಕಾಲ ಹಿಡಿಯಿತು. ಅಲ್ಲಿಯವರೆಗೆ ಆ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಕೆಲಕಾಲ ಉಳಿಸುವುದಲ್ಲದೆ ಬೇರೆ ದಾರಿಯಿರಲಿಲ್ಲ. 1921ರಲ್ಲಿ ಕೆನಡಾ ದೇಶದ ಟೊರಾಂಟೋದಲ್ಲಿ, ಮೆಕ್ಲಾಯ್ಡ್ ಅವರ ಪ್ರಯೋಗಶಾಲೆಯಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಆ ರಸವನ್ನು ತೆಗೆದರು. ಕಾಲಿಪ್ ಎಂಬವರು ಅದನ್ನು ಶುದ್ಧಗೊಳಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಬಾಲಕನಿಗೆ ಅದನ್ನು ಕೊಟ್ಟರು. ಮೊದಲ ಸೂಜಿಮದ್ದು ಹೆಚ್ಚು ಫಲಿಸಲಿಲ್ಲ. ಹನ್ನೆರಡು ದಿನಗಳ ತರುವಾಯ ಕೊಟ್ಟ ಶುದ್ಧರಸವು ಫಲಿಸಿತು. ಸಾಯುವನೆಂದಿದ್ದ ಹುಡುಗನು ಇನ್ನೂ ಹದಿಮೂರು ವರ್ಷ ಬದುಕಿದನು. ಶೋಧಕರು 1923ರಲ್ಲಿ ತಮ್ಮ ಹಕ್ಕನ್ನು ತಲಾ ಒಂದು ಡಾಲರಿಗೆ ಟೊರಾಂಟೋ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು.

ಈಗ ನನ್ನ ತಪ್ಪಿನ ಮಾತು. ಹನ್ನೆರಡು ವರ್ಷಗಳ ಹಿಂದೆ ನಮ್ಮ ಪಾಠಶಾಲೆಯಲ್ಲಿ ಹದಿಮೂರು ವರ್ಷದ ವಿದ್ಯಾರ್ಥಿಯೊಬ್ಬನಿದ್ದನು. ಅವನಿಗೆ ಮೊದಲ ಬಗೆಯ ಮಧುಮೇಹ. ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದನು. ಶಿವರಾತ್ರಿಯಂದು ಸಹಪಾಠಿಗಳೊಡನೆ ತಾನೂ ಉಪವಾಸವಿರುವೆನೆಂದು ನನ್ನ ಬಳಿಗೆ ಬಂದನು. ಅವನ ನಿಷ್ಠೆಗೆ ಹಿಗ್ಗಿದ ನಾನು, “ಉಣ್ಣದ ದಿನ ಸಕ್ಕರೆಯೆಲ್ಲಿ ಏರೀತು, ಮಗು? ಇಂದು ಆ ಸೂಜಿಗೂ ಬಿಡುವು ಕೊಡು” ಎಂದುಬಿಟ್ಟೆನು. ತರ್ಕವನ್ನು ಕಲಿಸುವವನ ತರ್ಕ ಅದು! ಮರುದಿನ ನಡುಹಗಲಿಗೆ ಹುಡುಗನಿಗೆ ತೀರದ ಬಾಯಾರಿಕೆ, ವಾಂತಿ, ದೀರ್ಘವಾದ ಏದುಸಿರು. ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆ. ಜಾಗರಣೆಯ ಆಯಾಸವಿರಬೇಕೆಂದು ನಾನು ಇನ್ನೂ ತಡಮಾಡುತ್ತಿದ್ದೆನು. ಅಡಿಗೆಮನೆಯ ಅಜ್ಜನೇ ಗದರಿಸಿ ಗಾಡಿ ತರಿಸಿದನು.

ಆಸ್ಪತ್ರೆಯಲ್ಲಿ ಎರಡು ದಿನಗಳ ಮೇಲೆ ಹುಡುಗನು ಚೇತರಿಸಿಕೊಂಡನು. ವೈದ್ಯರು ನನ್ನನ್ನು ಹೊರಗೆ ಕರೆದು ಹೇಳಿದರು: “ಶಾಸ್ತ್ರಿಗಳೇ, ತಾವು ಉಪವಾಸವಿದ್ದ ದಿನವೂ ತಮ್ಮ ಮೈಯೊಳಗೆ ಇನ್ಸುಲಿನ್ ಸ್ವಲ್ಪಸ್ವಲ್ಪವಾಗಿ ಹರಿಯುತ್ತಲೇ ಇರುವುದು. ಊಟ ಬಿಟ್ಟವರು ತಾವು. ಆ ಗ್ರಂಥಿ ತನ್ನ ಕಾಯಕವನ್ನು ಬಿಟ್ಟಿಲ್ಲ. ಈ ಹುಡುಗನಿಗೆ ಆ ಕಾಯಕವನ್ನು ಸೂಜಿ ಮಾಡುತ್ತಿದೆ. ತಾವು ಅದನ್ನೇ ಬಿಡಿಸಿದಿರಿ.” ನಾನು ತಲೆ ತಗ್ಗಿಸಿ ನಿಂತೆನು. ಆ ಹುಡುಗನು ಈಗ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿರುವನು. ಭೇಟಿಯಾದಾಗಲೆಲ್ಲ ನನ್ನ ಕಾಲಿಗೆರಗುವನು; ನಾನು ಒಳಗೊಳಗೆ ಅವನ ಕ್ಷಮೆಯನ್ನು ಬೇಡುವೆನು.

ಶರಣಬಂಧುಗಳೇ, ಇಂಥ ರೋಗಿಗಳು ತಮ್ಮ ಮನೆಗಳಲ್ಲೂ ಇರಬಹುದು. ಅವರ ಮದ್ದನ್ನು ಯಾವ ವ್ರತಕ್ಕಾಗಲಿ, ಯಾರ ಮಾತಿಗಾಗಲಿ ನಿಲ್ಲಿಸಬೇಡಿರಿ. ಮದ್ದು ತೆಗೆದುಕೊಂಡು ಊಟ ತಪ್ಪಿದರೂ ಅಪಾಯವೇ. ಸಕ್ಕರೆ ಇಳಿದು ಮೈ ನಡುಗಿ, ಬೆವರಿ, ಬುದ್ಧಿ ಮಂಕಾಗುವುದು. ಎಚ್ಚರವಿದ್ದರೆ ಕೂಡಲೇ ಸಕ್ಕರೆಯ ನೀರನ್ನು ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಉಪವಾಸ ಕೂಡುವುದೇ, ಮದ್ದಿನ ಪ್ರಮಾಣವೆಷ್ಟು ಎಂಬುದನ್ನು ಹೇಳಬೇಕಾದವರು ವೈದ್ಯರು, ನನ್ನಂಥ ಶಾಸ್ತ್ರಿಯಲ್ಲ. ಸೂಜಿ ಚುಚ್ಚಿಕೊಳ್ಳುವ ಮಗುವನ್ನು ಮರೆಯಲ್ಲಿಡಬೇಡಿರಿ. ಆ ಹೆಣ್ಣುಮಗಳ ಮದುವೆಯ ಮಾತಿನಲ್ಲಿ ರೋಗವನ್ನು ಕಳಂಕವೆಂಬಂತೆ ಆಡಬೇಡಿರಿ. ಅಂದಿನಿಂದ ನಮ್ಮ ದಾಸೋಹದಲ್ಲಿ, ಪಂಕ್ತಿಗೆ ಎಷ್ಟೇ ಹೊತ್ತಾಗಲಿ, ಹೊತ್ತಿಗೆ ಸರಿಯಾಗಿ ಉಣ್ಣಬೇಕಾದವರಿಗೆ ಮೊದಲು ಬಡಿಸುವ ಪದ್ಧತಿಯಿದೆ. ಅದನ್ನು ತಾವೂ ತಮ್ಮ ಮನೆಗಳಲ್ಲಿ ನಡೆಸಿಕೊಂಡು ಬರಬೇಕೆಂದು ಬಿನ್ನವಿಸುತ್ತೇನೆ.