ಮೈದಾನದ ನಡುವಿನ ಆಟಗಾರ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ವರ್ಷ ಒಬ್ಬ ತಂದೆ ಶಾಲೆಗೆ ಬಂದು ನನ್ನನ್ನು ಕೇಳಿದರು: "ಮಾಸ್ಟರ್ ಸಾಬ್, ಇವನು ಮೂರು ಹೊತ್ತೂ ಬಾಲ್ ಹಿಂದೆ ಓಡ್ತಾನೆ. ಅದರಿಂದ ನಾಳೆ ಹೊಟ್ಟೆ ತುಂಬುತ್ತಾ?" ಆ ದಿನ ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. ಪಾಠದ ಕಡೆ ಗಮನ ಕೊಡಪ್ಪ ಎಂದು ಹುಡುಗನಿಗೇ ಬುದ್ಧಿ ಹೇಳಿ ಕಳಿಸಿದೆ. ಇಂದು ಈ ವೇದಿಕೆಯಲ್ಲಿ ಆ ಪ್ರಶ್ನೆಗೆ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಫುಟ್‌ಬಾಲ್ ನಮಗೆ ಹೊಸದಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅದುವರೆಗೆ ಆ ಕಪ್ ಬ್ರಿಟಿಷ್ ಪಲ್ಟನ್ನುಗಳ ಸೊತ್ತಾಗಿತ್ತು. ಮರುವರ್ಷವೂ ನಮ್ಮವರೇ ಗೆದ್ದರು. ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಆಡಿದರು. ಆದರೆ ಇಂದು ನಾನು ಹೇಳಹೊರಟಿರುವುದು ನಮ್ಮ ಕಾಲಕ್ಕೆ ಹತ್ತಿರದ ಒಬ್ಬರ ಕಥೆ. ಅವರು ಕಾರ್ಲ್‌ಟನ್ ಚಾಪ್‌ಮನ್. ಅವರು ನಮ್ಮ ಜಮಾತಿನವರಲ್ಲವಲ್ಲ ಎಂದು ಯಾರಾದರೂ ಕೇಳಿದರೆ, ನಮ್ಮ ನಾಡಿನವರು ಎಂದಷ್ಟೇ ಹೇಳುತ್ತೇನೆ.

ಚಾಪ್‌ಮನ್ ಹುಟ್ಟಿದ್ದು 1971ರ ಏಪ್ರಿಲ್ 13ರಂದು, ಬೆಂಗಳೂರಿನಲ್ಲಿ. ಅವರದು ಮಿಡ್‌ಫೀಲ್ಡರ್ ಸ್ಥಾನ. ಹಿಂದಿನವರು ತಡೆದ ಚೆಂಡನ್ನು ತೆಗೆದುಕೊಂಡು ಮುಂದಿನವರಿಗೆ ದಾಟಿಸಬೇಕು, ಎದುರಾಳಿ ನುಗ್ಗಿದರೆ ಓಡಿ ಬಂದು ತಡೆಯಬೇಕು. ತೊಂಬತ್ತು ನಿಮಿಷ ಓಡಿದರೂ ಮರುದಿನ ಪತ್ರಿಕೆಯಲ್ಲಿ ಫೋಟೋ ಬರುವುದು ಗೋಲು ಹೊಡೆದವನದು.

1990ರಲ್ಲಿ ಅವರು ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. 1987ರಲ್ಲಿ ಆರಂಭವಾದ ಈ ಅಕಾಡೆಮಿ ದೇಶದ ನಾನಾ ಕಡೆಯ ಹುಡುಗರನ್ನು ಆರಿಸಿ, ವಸತಿ ಕೊಟ್ಟು ತರಬೇತಿ ನೀಡುತ್ತಿತ್ತು. ಈ ಮಾತನ್ನು ಸಂಘದ ಹಿರಿಯರು ನೆನಪಿನಲ್ಲಿಡಬೇಕು, ಮತ್ತೆ ಇದಕ್ಕೇ ಬರುತ್ತೇನೆ.

1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ಎಂಬ ಬಲಿಷ್ಠ ತಂಡ ಎದುರಾಯಿತು. ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಅದರಲ್ಲಿ ಮೂರು ಗೋಲು ಈ ನಡುವಿನ ಆಟಗಾರನದು! ಆಗ ಅವರಿಗೆ ಇಪ್ಪತ್ತೆರಡು ವರ್ಷ.

1995ರಲ್ಲಿ ಪಂಜಾಬಿನ ಫಗ್ವಾರಾಕ್ಕೆ ಹೋದರು. ಅಲ್ಲಿ ಜೆ.ಸಿ.ಟಿ. ಎಂಬ ಬಟ್ಟೆ ಗಿರಣಿಯ ತಂಡವಿತ್ತು. ಕೇರಳದ ಐ.ಎಂ. ವಿಜಯನ್, ಸಿಕ್ಕಿಮಿನ ಬೈಚುಂಗ್ ಭುಟಿಯಾ, ಬೆಂಗಳೂರಿನ ಚಾಪ್‌ಮನ್, ಮೂವರೂ ಒಂದೇ ತಂಡದಲ್ಲಿ. ಒಬ್ಬೊಬ್ಬರ ಮನೆಮಾತು ಒಂದೊಂದು. 1996-97ರ ಮೊಟ್ಟಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಗೆದ್ದದ್ದು ಇದೇ ತಂಡ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಹೆದರುವ ನಮ್ಮ ಮಕ್ಕಳು ಇದನ್ನು ಗಮನಿಸಬೇಕು. ಎರಡು ಭಾಷೆ ಕಲಿಸುವ ಮೇಷ್ಟ್ರಾದ ನನಗಂತೂ ಇದು ಬಹಳ ಹಿಡಿಸಿದ ಸಂಗತಿ.

ನಂತರ ಕೇರಳದ ಎಫ್.ಸಿ. ಕೊಚ್ಚಿನ್, ಮತ್ತೆ 1998ರಲ್ಲಿ ಈಸ್ಟ್ ಬೆಂಗಾಲ್. 2000-01ರಲ್ಲಿ ಅವರ ನಾಯಕತ್ವದಲ್ಲೇ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಿತು. ಭಾರತ ತಂಡಕ್ಕೆ 1995ರಿಂದ 2001ರವರೆಗೆ ಆಡಿದರು, ನಾಯಕರೂ ಆಗಿದ್ದರು.

ಇಲ್ಲಿಯವರೆಗೆ ಹೇಳಿ ನಿಲ್ಲಿಸಿದರೆ ಆ ತಂದೆಗೆ ಅರ್ಧ ಉತ್ತರ ಕೊಟ್ಟಂತೆ. 2001ರಲ್ಲಿ ಚಾಪ್‌ಮನ್ ಆಟ ನಿಲ್ಲಿಸಿದಾಗ ಅವರಿಗೆ ಕೇವಲ ಮೂವತ್ತು ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ಎಷ್ಟೋ ಜನ ಆಗ ತಾನೇ ಕೆಲಸದಲ್ಲಿ ನೆಲೆಯೂರಿರುತ್ತಾರೆ. ಅವರು ಆಡಿದ ಕೊಚ್ಚಿನ್ ತಂಡ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಜೆ.ಸಿ.ಟಿ.ಯವರು 2011ರಲ್ಲಿ ತಂಡವನ್ನೇ ನಿಲ್ಲಿಸಿದರು. ಕಾಲಿನ ಶಕ್ತಿಯನ್ನೂ ಕ್ಲಬ್ಬನ್ನೂ ನಂಬಿ ಜೀವನವಿಡೀ ಕೂರುವಂತಿಲ್ಲ. ಚಾಪ್‌ಮನ್ ತರಬೇತುದಾರರಾದರು. ತಾವು ಕಲಿತ ಟಾಟಾ ಅಕಾಡೆಮಿಯಲ್ಲೇ ಕಲಿಸಿದರು. ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋಹ್ ತಂಡವನ್ನು ತಯಾರು ಮಾಡಿದರು, ಮುಂದೆ ಕೋಳಿಕ್ಕೋಡಿನ ಅಕಾಡೆಮಿಯೊಂದಕ್ಕೂ ಹೋದರು. 2020ರ ಅಕ್ಟೋಬರ್ 12ರಂದು ಹೃದಯಾಘಾತದಿಂದ ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ ನಲವತ್ತೊಂಬತ್ತೇ ವರ್ಷ.

ಹಾಗಾದರೆ ಹೊಟ್ಟೆ ತುಂಬುತ್ತದೆಯೇ? ಕೆಲವರಿಗೆ ತುಂಬುತ್ತದೆ, ಅದೂ ಮೂವತ್ತರವರೆಗೆ. ಆಮೇಲೆ ಕಲಿತದ್ದು ಕೈಹಿಡಿಯಬೇಕು. ಆದ್ದರಿಂದ ಆ ತಂದೆಗೆ ನಾನು, ಬಾಲ್ ಕಿತ್ತುಕೊಳ್ಳಬೇಡಿ, ಪುಸ್ತಕವನ್ನೂ ಬಿಡಿಸಬೇಡಿ ಎನ್ನುತ್ತೇನೆ. ಹತ್ತನೇ ತರಗತಿ ಮುಗಿಯುವ ಮೊದಲೇ ಹುಡುಗರನ್ನು ಹೆದ್ದಾರಿ ಬದಿಯ ಗ್ಯಾರೇಜಿಗೆ ಹಚ್ಚಿದರೆ ಎರಡೂ ಹೋಗುತ್ತವೆ. ಅಂಥ ನಾಲ್ಕೈದು ಹುಡುಗರ ಹೆಸರು ನನ್ನ ಹಳೆಯ ಹಾಜರಿ ಪುಸ್ತಕದಲ್ಲಿವೆ.

ಸಂಘದ ಹಿರಿಯರಲ್ಲಿ ಒಂದು ಮನವಿ. ನಾವು ಪ್ರತಿವರ್ಷ ಹೆಚ್ಚು ಅಂಕ ಪಡೆದವರಿಗೆ ಬಹುಮಾನ ಕೊಡುತ್ತೇವೆ, ಸಂತೋಷ. ಅದರ ಜೊತೆಗೆ ಆಟದಲ್ಲಿ ಮುಂದಿರುವ ಒಬ್ಬಿಬ್ಬರನ್ನಾದರೂ ಗುರುತಿಸೋಣ. ಸರ್ಕಾರದ ಕ್ರೀಡಾ ಇಲಾಖೆಯ ಕ್ರೀಡಾ ನಿಲಯಗಳಲ್ಲಿ ಊಟ, ವಸತಿ, ಶಾಲೆ, ತರಬೇತಿ ಎಲ್ಲ ಇದೆ. ಆಯ್ಕೆಗೆ ಹೋಗಲು ಅರ್ಜಿ ತುಂಬಿಸುವವರು, ಜೊತೆಗೆ ಕರೆದೊಯ್ಯುವವರು ನಮ್ಮ ಮಕ್ಕಳಿಗಿಲ್ಲ. ಅರ್ಜಿ ನಾನು ತುಂಬಿಸುತ್ತೇನೆ, ಕರೆದುಕೊಂಡೂ ಹೋಗುತ್ತೇನೆ. ಆ ತಂದೆಯನ್ನು ಒಪ್ಪಿಸುವ ಹೊಣೆಯೂ ನನ್ನದೇ. ಬಸ್ ಚಾರ್ಜು ಮತ್ತು ಒಂದು ಜೊತೆ ಬೂಟಿನ ಖರ್ಚನ್ನು ಸಂಘ ವಹಿಸಿಕೊಳ್ಳಬೇಕೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.