ಟೆನಿಸನ್ನನ ತರುವಾಯ

(ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ವಿಕ್ಟೋರಿಯಾ ರಾಣಿಯ ಆಳಿಕೆಯ ಕಡೆಯ ಕಾಲದ ಇಂಗ್ಲೀಷು ಕವಿತೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ತಮ್ಮ ಅಪ್ಪಣೆಯಾಗಿದೆ. ಕಾವ್ಯವನ್ನು ವಕೀಲನ ಬಾಯಿಗೆ ಒಪ್ಪಿಸಿದ್ದೀರಿ. ಅದರ ಫಲವನ್ನು ತಾವೇ ಉಣ್ಣಬೇಕು. ಹುಟ್ಟಿದ ಇಸವಿ, ಸತ್ತ ಇಸವಿ, ಬರೆದ ಪುಸ್ತಕಗಳ ಯಾದಿ ಇವನ್ನು ಓದುವ ಕೆಲಸವನ್ನು ಪಠ್ಯಪುಸ್ತಕಗಳಿಗೆ ಬಿಟ್ಟು, ನಾನು ಒಂದು ವ್ಯಾಜ್ಯವನ್ನೇ ಹಿಡಿದು ಮಾತಾಡುವೆನು. ಆ ವ್ಯಾಜ್ಯವು ಒಂದು ಪೀಠಕ್ಕೆ ಸಂಬಂಧಿಸಿದ್ದು.

೧೮೯೨ನೆಯ ಇಸವಿಯ ಅಕ್ಟೋಬರ ೬ರಂದು ಟೆನಿಸನ್ ಕವಿಯು ತೀರಿಕೊಂಡನು. ೧೮೫೦ರಿಂದ ನಾಲ್ವತ್ತೆರಡು ವರ್ಷಗಳ ವರೆಗೆ ಅವನು ಇಂಗ್ಲಂಡದ ಆಸ್ಥಾನಕವಿಯಾಗಿದ್ದನು. ಪ್ರಭುಪದವಿಯನ್ನು ಪಡೆದು ಶ್ರೀಮಂತರ ಸಭೆಯಲ್ಲಿ ಕುಳಿತಿದ್ದನು. ವೆಸ್ಟ್‌ಮಿನ್‌ಸ್ಟರ್ ಮಂದಿರದಲ್ಲಿ ಅವನನ್ನು ಹೂಳಿದಾಗ ಒಂದು ಯುಗವನ್ನೇ ಹೂಳಿದಂತೆ ಜನರಿಗೆ ತೋರಿತು. ಬ್ರೌನಿಂಗನು ೧೮೮೯ರಲ್ಲಿಯೂ ಮ್ಯಾಥ್ಯೂ ಆರ್ನಾಲ್ಡನು ೧೮೮೮ರಲ್ಲಿಯೂ ಮೊದಲೇ ಹೋಗಿದ್ದರು. ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಪ್ರೊಫೆಸರರಿಬ್ಬರು ಟೆನಿಸನ್ನನ ಆಯ್ದ ಕವಿತೆಗಳಿಗೆ ಟಿಪ್ಪಣಿ ಬರೆದು ಹೊರಡಿಸಿದ ಮೇಲೆ, ನಮ್ಮ ದೇಶದ ವಿದ್ಯಾರ್ಥಿಗಳ ಎರಡು ಮೂರು ತಲೆಮಾರುಗಳು ಇಂಗ್ಲೀಷು ಕವಿತೆಯೆಂದರೆ ಟೆನಿಸನ್ನನೆಂದೇ ತಿಳಿದು ಬೆಳೆದವು. ಟಿಪ್ಪಣಿಯನ್ನು ಬಾಯಿಪಾಠ ಮಾಡಿ ಕವಿತೆಯನ್ನು ಮರೆತವರೂ ಅವರಲ್ಲಿ ಕಡಿಮೆಯಿದ್ದಿಲ್ಲ.

ಈ ಆಸ್ಥಾನಕವಿಪೀಠದ ವೃತ್ತಾಂತವೇ ವಿನೋದಕರವಾದುದು. ಮೊದಮೊದಲು ಕವಿಗೆ ಸಂಬಳದ ಜೊತೆಗೆ ಅರಮನೆಯಿಂದ ಮದ್ಯದ ಪೀಪಾಯಿಯೊಂದು ಸಲ್ಲುತ್ತಿತ್ತು. ಹದಿನೆಂಟನೆಯ ಶತಮಾನದ ಕೊನೆಗೆ ಹೆನ್ರಿ ಜೇಮ್ಸ್ ಪೈ ಎಂಬವನು (ನಮ್ಮ ಕರಾವಳಿಯ ಪೈಗಳ ಪೈಕಿ ಅಲ್ಲ) ಆ ಪದವಿಗೆ ಬಂದಾಗ, ಪೀಪಾಯಿಗೆ ಬದಲು ವರ್ಷಕ್ಕೆ ೨೭ ಪೌಂಡು ರೊಕ್ಕವೆಂದು ಗೊತ್ತಾಯಿತು. ಪೈಯ ಕವಿತೆಯನ್ನು ಈಗ ಯಾರೂ ಓದುವದಿಲ್ಲ. ಪೀಪಾಯಿಯ ಸಂಗತಿ ಮಾತ್ರ ಉಳಿದಿದೆ. ಅಂಥ ಪೀಠಕ್ಕೆ ವರ್ಡ್ಸ್‌ವರ್ತನು, ಅವನ ತರುವಾಯ ಟೆನಿಸನ್ನನು ಕುಳಿತದ್ದರಿಂದ ಮರ್ಯಾದೆ ಬಂದಿತು. ಇಬ್ಬರು ಮಹಾಕವಿಗಳು ಕುಳಿತ ಮಾತ್ರಕ್ಕೆ ಪೀಠವೇ ಕವಿಯನ್ನು ದೊಡ್ಡವನನ್ನಾಗಿ ಮಾಡುವದೆಂದು ಸರಕಾರಕ್ಕೂ ಜನರಿಗೂ ಭ್ರಮೆ ಹುಟ್ಟಿತು.

ಟೆನಿಸನ್ನನ ತರುವಾಯ ಯಾರು? ಆಗ ಬದುಕಿದ್ದವರಲ್ಲಿ ಸ್ವಿನ್‌ಬರ್ನನಿಗಿಂತ ಹೆಚ್ಚಿನ ಛಂದೋಬಲವುಳ್ಳವನು ಇದ್ದಿಲ್ಲ. ಆದರೆ ಅವನು ತಾರುಣ್ಯದಲ್ಲಿ ಪ್ರಜಾಪ್ರಭುತ್ವವನ್ನು ಹಾಡಿದವನು; ಅವನ ೧೮೬೬ರ ಕವಿತಾಸಂಗ್ರಹವು ಶಿಷ್ಟಜನರ ಕಿವಿ ಕೆಂಪೇರಿಸಿತ್ತು. ವಿಲಿಯಂ ಮಾರಿಸನ ಇಂಗಿತವನ್ನು ಕೇಳಿ ನೋಡಲಾಯಿತು. ಅವನು ಸಮಾಜವಾದಿ, ಒಲ್ಲೆನೆಂದನು. ರಾಜಕುಮಾರರ ಮದುವೆಗೆ ಮಂಗಳಪದ್ಯ ಬರೆಯುವ ಕೈಯೇ ಅದು? ೧೮೮೭ರಲ್ಲಿ ಲಂಡನ್ನಿನಲ್ಲಿ ಪೋಲೀಸರ ದಾಳಿಯಲ್ಲಿ ಪೆಟ್ಟು ತಿಂದು ಸತ್ತ ಲಿನೆಲ್ ಎಂಬ ಬಡವನ ಶವಯಾತ್ರೆಗೆಂದು ಅವನು ಹಾಡು ಬರೆದು, ಅದನ್ನು ಒಂದು ಪೆನ್ನಿಗೆ ಒಂದರಂತೆ ಮಾರಿಸಿ, ಆ ಹಣವನ್ನು ಸತ್ತವನ ಮಕ್ಕಳಿಗೆ ಸಲ್ಲುವಂತೆ ಮಾಡಿದ್ದನು. ಸರ್ ಲೂಯಿಸ್ ಮಾರಿಸ್ ಎಂಬ ಇನ್ನೊಬ್ಬ ಮಾರಿಸನು ಪೀಠಕ್ಕಾಗಿ ಬಹಳ ಹಂಬಲಿಸುತ್ತಿದ್ದನು. ತನ್ನ ವಿಷಯದಲ್ಲಿ ಎಲ್ಲರೂ ಮೌನದ ಸಂಚು ಹೂಡಿದ್ದಾರೆ, ಏನು ಮಾಡಲೆಂದು ಅವನು ಆಸ್ಕರ್ ವೈಲ್ಡನನ್ನು ಕೇಳಿದನಂತೆ; ನೀವೂ ಆ ಸಂಚಿನಲ್ಲಿ ಸೇರಿಬಿಡಿರೆಂದು ವೈಲ್ಡನು ಉತ್ತರವಿತ್ತನಂತೆ! ಕ್ರಿಸ್ಟಿನಾ ರೊಸೆಟ್ಟಿ ೧೮೯೪ರ ಡಿಸೆಂಬರಿನ ವರೆಗೆ ಲಂಡನ್ನಿನಲ್ಲಿಯೇ ಬದುಕಿದ್ದಳು. ನನ್ನ ಮಟ್ಟಿಗೆ ಆಗ ಆಕೆಯಷ್ಟು ಶುದ್ಧವಾದ ಭಾವಗೀತವನ್ನು ಬರೆಯುವವರು ಬೇರೊಬ್ಬರಿಲ್ಲ. ಆದರೆ ಆ ಪೀಠವು ಒಬ್ಬ ಸ್ತ್ರೀಗೆ ದೊರೆತದ್ದು ೨೦೦೯ರಲ್ಲಿ!

ಗ್ಲ್ಯಾಡ್‌ಸ್ಟನ್ನನು ಪೀಠವನ್ನು ಬರಿದಾಗಿಯೇ ಬಿಟ್ಟನು. ರೋಸ್‌ಬರಿಯೂ ಹಾಗೆಯೇ ಬಿಟ್ಟನು. ಸಾಲ್ಸ್‌ಬರಿಯು ಪ್ರಧಾನಮಂತ್ರಿಯಾದ ಮೇಲೆ, ೧೮೯೬ರ ಹೊಸ ವರ್ಷದ ದಿನ, ಆಲ್‌ಫ್ರೆಡ್ ಆಸ್ಟಿನ್ ಎಂಬವನಿಗೆ ಅದು ದೊರಕಿತು. ಇವನು ನಮ್ಮ ವೃತ್ತಿಯವನೇ. ಬ್ಯಾರಿಸ್ಟರನಾಗಿ ಸನದು ಪಡೆದು, ಅದನ್ನು ಬಿಟ್ಟು, ಸಾಲ್ಸ್‌ಬರಿಯ ಪಕ್ಷದ ಪತ್ರಿಕೆಯಲ್ಲಿ ಅಗ್ರಲೇಖ ಬರೆಯುತ್ತಿದ್ದನು. ವಕಾಲತ್ತನ್ನು ಬಿಟ್ಟವರೆಲ್ಲ ಕವಿಗಳಾಗುವದಿಲ್ಲವೆಂಬುದಕ್ಕೆ ಇವನೇ ನಿದರ್ಶನವು. ೧೮೭೦ರಲ್ಲಿ ಇವನು ತನ್ನ ಕಾಲದ ಕವಿಗಳ ಮೇಲೆ ಒಂದು ಪುಸ್ತಕ ಬರೆದು, ಟೆನಿಸನ್ನನನ್ನು ಮೂರನೆಯ ತರಗತಿಗೆ ಇಳಿಸಿದ್ದನು. ಅದೇ ಟೆನಿಸನ್ನನ ಪೀಠದ ಮೇಲೆ ಕುಳಿತುಕೊಳ್ಳುವಾಗ ಅವನಿಗೆ ಏನೂ ಸಂಕೋಚವಾದಂತೆ ಕಾಣುವದಿಲ್ಲ.

ಮುಂದಿನದು ನಮ್ಮಂಥ ಕೋರ್ಟುಕಚೇರಿಯ ಜನರು ಲಕ್ಷ್ಯಗೊಟ್ಟು ಕೇಳತಕ್ಕ ಸಂಗತಿ. ಆಸ್ಟಿನ್ನನು ನಿಯಮಿತನಾದ ವಾರದಲ್ಲಿಯೇ ದಕ್ಷಿಣ ಆಫ್ರಿಕೆಯಲ್ಲಿ ಡಾಕ್ಟರ ಜೇಮ್‌ಸನ್ನನು ಸಶಸ್ತ್ರ ದಂಡನ್ನು ಕಟ್ಟಿಕೊಂಡು ಟ್ರಾನ್ಸವಾಲ ರಾಜ್ಯದೊಳಗೆ ನುಗ್ಗಿದ್ದನು. ಯುದ್ಧ ಸಾರಿರಲಿಲ್ಲ; ಸರಕಾರದ ಅಪ್ಪಣೆಯೂ ಇರಲಿಲ್ಲ. ಜನವರಿ ೨ರಂದು ಬೋಯರರು ಅವನನ್ನು ಸೆರೆಹಿಡಿದರು. ಜನವರಿ ೧೧ರ ಟೈಮ್ಸ್ ಪತ್ರಿಕೆಯಲ್ಲಿ ಹೊಸ ಆಸ್ಥಾನಕವಿಯು ಆ ದಾಳಿಯನ್ನು ಹೊಗಳಿ ಪದ್ಯವನ್ನು ಪ್ರಕಟಿಸಿದನು! ಅದೇ ವರ್ಷದ ಜುಲೈ ತಿಂಗಳಲ್ಲಿ ಲಂಡನ್ನಿನಲ್ಲಿ, ಮುಖ್ಯ ನ್ಯಾಯಾಧೀಶ ಲಾರ್ಡ್ ರಸೆಲನ ಮುಂದೆ, ೧೮೭೦ರ ಪರದೇಶ ಸೈನ್ಯಭರ್ತಿಯ ಕಾಯಿದೆಯ ಮೇರೆಗೆ ವಿಚಾರಣೆ ನಡೆದು, ಜೇಮ್‌ಸನ್ನನಿಗೆ ಹದಿನೈದು ತಿಂಗಳ ಸೆರೆಯಾಯಿತು. ರಾಣಿಯ ಕವಿಯು ವೀರನೆಂದು ಹಾಡಿದವನನ್ನು ರಾಣಿಯ ನ್ಯಾಯಸ್ಥಾನವು ಅಪರಾಧಿಯೆಂದು ನಿರ್ಣಯಿಸಿತು. ಕವಿತೆಗಿಂತ ತೀರ್ಪೇ ಒಳ್ಳೇ ಗದ್ಯವಾಗಿತ್ತೆಂದು ಹೇಳಬೇಕಾಗುವದು.

ಇದಕ್ಕೆ ಪ್ರತಿಯಾಗಿ ಇನ್ನೊಬ್ಬನನ್ನು ನಿಲ್ಲಿಸುವೆನು. ವಿಲ್‌ಫ್ರಿಡ್ ಸ್ಕಾವೆನ್ ಬ್ಲಂಟನ ಹೆಸರು ಪಠ್ಯಪುಸ್ತಕಗಳಲ್ಲಿ ಅಪರೂಪ. ಅವನು ಸಸೆಕ್ಸಿನ ಜಮೀನುದಾರ; ಅರಬಿ ಕುದುರೆಗಳನ್ನು ಸಾಕುವದರಲ್ಲಿ ಪ್ರಸಿದ್ಧ; ಅವನ ಪತ್ನಿಯು ಬೈರನ್ ಕವಿಯ ಮೊಮ್ಮಗಳು. ೧೮೮೨ರಲ್ಲಿ ಇಂಗ್ಲೀಷರು ಮಿಸರ ದೇಶವನ್ನು ಹಿಡಿದು ಅಲ್ಲಿಯ ರಾಷ್ಟ್ರೀಯ ಮುಖಂಡ ಅರಬಿ ಪಾಶಾನನ್ನು ವಿಚಾರಣೆಗೆ ನಿಲ್ಲಿಸಿದಾಗ, ಅವನ ಪರವಾಗಿ ಇಂಗ್ಲೀಷು ಬ್ಯಾರಿಸ್ಟರರನ್ನು ಗೊತ್ತುಮಾಡಿ ಖರ್ಚಿಗೆ ಕೈಹಾಕಿದವನು ಈ ಬ್ಲಂಟನು. ಪಾಶಾನು ಗಲ್ಲಿಗೇರದೆ ಸಿಂಹಳದ್ವೀಪಕ್ಕೆ ಗಡೀಪಾರಾಗಿ ಹೋದನು. ೧೮೮೩ರಲ್ಲಿ ಬ್ಲಂಟನು ಸಿಂಹಳಕ್ಕೆ ಬಂದು ಅವನನ್ನು ಕಂಡು, ಹಾಗೆಯೇ ಹಿಂದುಸ್ಥಾನವನ್ನು ಸುತ್ತಿದನು. ಇಲ್ಬರ್ಟ್ ಬಿಲ್ಲಿನ ಗದ್ದಲವು ನಡೆದಿದ್ದ ಹೊತ್ತು. ಇಲ್ಲಿ ಕಂಡುಕೇಳಿದ್ದನ್ನು ೧೮೮೫ರಲ್ಲಿ ಒಂದು ಪುಸ್ತಕದಲ್ಲಿ ಬರೆದು, ಈ ದೇಶದ ಬಡತನಕ್ಕೆ ಆಳುವವರೇ ಉತ್ತರವಾದಿಗಳೆಂದು ತನ್ನ ಜನರಿಗೆ ತಿಳಿಸಿದನು. ೧೮೮೭ರಲ್ಲಿ ಐರ್ಲಂಡದ ವುಡ್‌ಫರ್ಡಿನಲ್ಲಿ, ಹೊಲಮನೆಗಳಿಂದ ಹೊರದೂಡಲ್ಪಟ್ಟ ಒಕ್ಕಲಿಗರ ಪರವಾಗಿ, ನಿಷೇಧಿಸಿದ ಸಭೆಯಲ್ಲಿ ಮಾತಾಡಲು ಎದ್ದು ನಿಂತು ಹಿಡಿಯಲ್ಪಟ್ಟನು. ಎರಡು ತಿಂಗಳ ಸೆರೆ. ಜೈಲಿನಲ್ಲಿ ಕೂತು, ಹಡಗಿನ ಹಳೆಯ ಹಗ್ಗಗಳನ್ನು ಉಗುರಿನಿಂದ ಬಿಡಿಸಿ ನಾರು ಮಾಡುವ ಕೆಲಸ. ಆ ಸೆರೆವಾಸದ ಅನುಭವದಿಂದ ಹುಟ್ಟಿದ ಸುನೀತಗಳನ್ನು ೧೮೮೯ರಲ್ಲಿ ಅಚ್ಚು ಹಾಕಿಸಿದನು.

ಈ ಮಾತು ಕೇಳಿ ತಮ್ಮಲ್ಲಿ ಹಲವರ ಮುಖ ಅರಳಿದ್ದನ್ನು ಕಾಣುತ್ತೇನೆ. ನನ್ನದೂ ಮೊದಲು ಹಾಗೆಯೇ ಅರಳಿತ್ತು. ಆದರೆ ಕವಿತೆಯ ಕಟಕಟೆಯಲ್ಲಿ ನಮ್ಮ ಪಕ್ಷದ ಸಾಕ್ಷಿ, ಎದುರುಪಕ್ಷದ ಸಾಕ್ಷಿಯೆಂಬ ಭೇದವನ್ನು ಮಾಡಿದರೆ ನ್ಯಾಯವು ಕೆಡುವದು. ಮಿಸರ ದೇಶದ ಬಗ್ಗೆ ಬ್ಲಂಟನು ೧೮೮೩ರಲ್ಲಿ ಬರೆದ ದೀರ್ಘ ಕವಿತೆಯು ಧರ್ಮದ ಸಿಟ್ಟಿನಿಂದ ತುಂಬಿದೆ, ಸತ್ಯವನ್ನು ನುಡಿದಿದೆ. ಆದರೂ ಬಹುಭಾಗ ಅದು ಛಂದಸ್ಸಿಗೆ ಕೂಡ್ರಿಸಿದ ಅಗ್ರಲೇಖವೇ. ಸೆರೆಮನೆಯ ಸುನೀತಗಳು ಅದಕ್ಕಿಂತ ಮೇಲು, ಏಕೆಂದರೆ ಅಲ್ಲಿ ಅವನು ಸಭೆಯನ್ನು ಮರೆತು ತನ್ನೊಡನೆ ತಾನು ಮಾತಾಡುತ್ತಾನೆ. ಇನ್ನು ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗನು. ೧೮೯೭ರಲ್ಲಿ, ರಾಣಿಯ ವಜ್ರಮಹೋತ್ಸವದ ತೋರಣಗಳನ್ನು ಇಳಿಸುವ ಹೊತ್ತಿಗೆ, ಸಾಮ್ರಾಜ್ಯಗಳೆಲ್ಲ ಅಳಿಯುವಂಥವು, ಗರ್ವಪಡಬೇಡಿರೆಂಬ ಪ್ರಾರ್ಥನೆಯನ್ನು ಅವನು ಟೈಮ್ಸ್ ಪತ್ರಿಕೆಗೆ ಬರೆದನು. ಅದರಲ್ಲಿ ಅನ್ಯ ಜನಾಂಗಗಳನ್ನು ಕುರಿತು ಬರುವ ಒಂದು ಹೀನೋಕ್ತಿಯನ್ನು ನಾವು ಮರೆಯುವಂತಿಲ್ಲ, ಮರೆಯಲೂ ಬಾರದು. ಎರಡೇ ವರ್ಷಕ್ಕೆ ಬಿಳಿಯರ ಭಾರವೆಂಬ ಇನ್ನೊಂದು ಪದ್ಯವನ್ನು ಬರೆದು, ಗರ್ವ ಬೇಡವೆಂದು ತಾನೇ ಹೇಳಿದ ಮಾತನ್ನು ಮಣ್ಣುಗೂಡಿಸಿದನು. ಇಷ್ಟಿದ್ದರೂ, ೧೮೯೭ರ ಆ ಪದ್ಯವು ಕವಿತೆಯಾಗಿ ಬ್ಲಂಟನ ಮಿಸರದ ಕವಿತೆಗಿಂತ ಮೇಲಾದುದು. ಬ್ಲಂಟನು ನಮಗೆ ಬೇಕಾದವನು, ಕಿಪ್ಲಿಂಗನು ಬೇಡವಾದವನು. ಆದರೂ ಹಾಗೆ ಹೇಳಲೇಬೇಕಾಗುವದು. ಶಾಲೆಯಲ್ಲಿ ಹುಡುಗರಿಗೆ ಪಾಠ ಹೇಳುವ ತಾವು ಇದನ್ನು ಹೇಳದಿದ್ದರೆ ಇನ್ನಾರು ಹೇಳುವರು?

ಪೀಠದ ಗದ್ದಲವು ನಡೆದಿದ್ದ ಅದೇ ೧೮೯೬ರಲ್ಲಿ ಲಂಡನ್ನಿನ ಒಬ್ಬ ಲ್ಯಾಟಿನ್ ಪ್ರೊಫೆಸರನು ಕೈಯಿಂದ ಹಣ ಹಾಕಿ ಅರುವತ್ತುಮೂರು ಪದ್ಯಗಳ ಚಿಕ್ಕ ಪುಸ್ತಕವನ್ನು ಅಚ್ಚು ಮಾಡಿಸಿದನು. ಐದು ನೂರು ಪ್ರತಿಗಳು. ಅವನು ಏ. ಇ. ಹೌಸ್‌ಮನ್. ಆಕ್ಸ್‌ಫರ್ಡಿನ ಕಡೆಯ ಪರೀಕ್ಷೆಯಲ್ಲಿ ನಪಾಸಾಗಿ, ಹತ್ತು ವರ್ಷ ಪೇಟೆಂಟು ಕಚೇರಿಯಲ್ಲಿ ಕಾರಕೂನಿಕೆ ಮಾಡಿ, ಸಂಜೆಗೆ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿ ಕುಳಿತು ಓದಿ ಬರೆದು, ಟೆನಿಸನ್ನನು ತೀರಿಕೊಂಡ ವರ್ಷವೇ ಪ್ರೊಫೆಸರನಾದವನು. ನಪಾಸಾದ ಹುಡುಗರನ್ನು ಗದರಿಸುವ ಮುಂಚೆ ಶಿಕ್ಷಕರು ಈ ಹೆಸರನ್ನು ನೆನೆಯಬಹುದು! ಆ ಪುಸ್ತಕದ ಪದ್ಯಗಳು ಶ್ರಾಪ್‌ಶೈರ್ ಪ್ರಾಂತದ ಹಳ್ಳಿಯ ತರುಣನ ಬಾಯಿಂದ ಬರುತ್ತವೆ. ಕವಿಯು ಹುಟ್ಟಿದ್ದಾದರೂ ನೆರೆಯ ವುಸ್ಟರ್‌ಶೈರಿನಲ್ಲಿ. ಮೊದಲನೆಯ ಪದ್ಯದ ಹೆಸರು ೧೮೮೭. ರಾಣಿಯ ಸುವರ್ಣಮಹೋತ್ಸವದ ವರ್ಷ. ಗುಡ್ಡಗುಡ್ಡಗಳ ಮೇಲೆ ಸಂತೋಷದ ಬೆಂಕಿಗಳು ಉರಿಯುತ್ತವೆ. ಕವಿಯ ಕಣ್ಣು ಮಾತ್ರ ಆ ರಾಣಿಗಾಗಿ ದೂರದ ದೇಶಗಳಲ್ಲಿ ಸತ್ತು ಊರಿಗೆ ತಿರುಗಿ ಬಾರದ ಹುಡುಗರ ಕಡೆಗಿದೆ. ನಿಂದೆಯ ಮಾತು ಒಂದೂ ಇಲ್ಲ, ದೊಡ್ಡ ಪದವೂ ಇಲ್ಲ. ಆಸ್ಟಿನ್ನನ ಪದ್ಯವನ್ನೂ ಇದನ್ನೂ ಒಂದರ ಪಕ್ಕಕ್ಕೆ ಒಂದನ್ನಿಟ್ಟು ಓದಿದವನಿಗೆ ಬೇರೆ ವಿಮರ್ಶೆ ಬೇಕಾಗುವದಿಲ್ಲ. ಪುಸ್ತಕವು ಮೊದಲು ಮೆಲ್ಲಗೆ ಮಾರಿತು; ಬೋಯರ್ ಯುದ್ಧದ ತರುವಾಯ, ಮೊದಲನೆಯ ಮಹಾಯುದ್ಧದ ಕಾಲಕ್ಕೆ, ಸಿಪಾಯಿಗಳ ಜೇಬು ಸೇರಿತು. ಬೆಲೆಯು ಅಗ್ಗವಾಗಿರಲೆಂದು ಕವಿಯು ತನ್ನ ಪಾಲಿನ ಹಣವನ್ನು ಬಿಟ್ಟುಕೊಟ್ಟಿದ್ದನು.

ಐರ್ಲಂಡದ ಮಾತನ್ನು ವಿಸ್ತರಿಸಲು ಹೊತ್ತಿಲ್ಲ. ಒಂದನ್ನು ಮಾತ್ರ ಹೇಳುವೆನು. ಟೆನಿಸನ್ನನು ಸತ್ತ ಏಳು ವಾರಗಳಿಗೆ, ೧೮೯೨ರ ನವೆಂಬರ ೨೫ರಂದು, ಡಬ್ಲಿನ್ನಿನಲ್ಲಿ ಡಗ್ಲಸ್ ಹೈಡನು ಐರಿಷ್ ಜನರು ಇಂಗ್ಲೀಷುತನವನ್ನು ಕಳಚಿ ತಮ್ಮ ನುಡಿಯನ್ನು ಹಿಡಿಯಬೇಕೆಂದು ಭಾಷಣ ಮಾಡಿದನು. ಮರುವರ್ಷ ಗೇಲಿಕ್ ಸಂಘವು ಹುಟ್ಟಿತು. ಲಂಡನ್ನಿಗೆ ಒಬ್ಬ ಕವಿ ಬೇಕಾಗಿದ್ದ ಹೊತ್ತಿಗೆ ಡಬ್ಲಿನ್ನಿಗೆ ಒಂದು ಭಾಷೆಯೇ ಬೇಕಾಗಿತ್ತು. ಆ ಹೈಡನು ೧೯೩೮ರಲ್ಲಿ ಐರ್ಲಂಡದ ಮೊದಲ ಅಧ್ಯಕ್ಷನಾದನು.

ಅದೇ ಡಬ್ಲಿನ್ನಿನಲ್ಲಿ, ಇದಕ್ಕೆ ಮೂರು ವರ್ಷ ಮೊದಲು, ೧೮೮೯ರ ಜೂನ ೮ರಂದು, ವಿಷಮಜ್ವರದಿಂದ ಒಬ್ಬ ಇಂಗ್ಲೀಷು ಪಾದ್ರಿಯು ತೀರಿಕೊಂಡಿದ್ದನು. ವಯಸ್ಸು ನಾಲ್ವತ್ತನಾಲ್ಕು. ಕಾಲೇಜಿನಲ್ಲಿ ಗ್ರೀಕ್ ಭಾಷೆಯನ್ನು ಕಲಿಸುತ್ತ, ನೂರಾರು ಪರೀಕ್ಷೆಯ ಕಾಗದಗಳನ್ನು ತಿದ್ದಿ ತಿದ್ದಿ ದಣಿಯುತ್ತಿದ್ದನು. ಈ ದಣಿವನ್ನು ತಮಗೆ ವರ್ಣಿಸಿ ಹೇಳಬೇಕಾಗಿಲ್ಲ. ಅವನು ಕವಿಯೆಂದು ಬಲ್ಲವರು ಕೈಬೆರಳುಗಳಷ್ಟು ಜನ. ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸನು ಜೆಸುಯಿಟ್ ಸಂಘವನ್ನು ಸೇರಿದಾಗ ತನ್ನ ಪದ್ಯಗಳನ್ನು ಸುಟ್ಟುಹಾಕಿ, ಏಳು ವರ್ಷ ಬರೆಯದೆ ಇದ್ದನು. ೧೮೭೫ರ ಡಿಸೆಂಬರಿನಲ್ಲಿ ಡಾಯ್ಚ್‌ಲಾಂಡ್ ಎಂಬ ಹಡಗು ಇಂಗ್ಲಂಡದ ದಂಡೆಯ ಬಳಿ ಒಡೆದು, ಜರ್ಮನಿಯಿಂದ ಹೊರಹಾಕಲ್ಪಟ್ಟ ಐದು ಜನ ಸನ್ಯಾಸಿನಿಯರು ಮುಳುಗಿದರು. ಯಾರಾದರೂ ಇದರ ಮೇಲೆ ಬರೆಯಬೇಕೆಂದು ಗುರುಗಳು ಅಂದರು, ಅಷ್ಟೇ ಸಾಕಾಯಿತು. ಆದರೆ ಸಂಘದ ಪತ್ರಿಕೆಯೇ ಆ ಕವಿತೆಯನ್ನು ತಿರುಗಿ ಕಳಿಸಿತು.

ತಿರುಗಿ ಬಂದುದಕ್ಕೆ ಕಾರಣವು ಅದರ ನಡೆ. ಇಂಗ್ಲೀಷು ಪದ್ಯದಲ್ಲಿ ಅಕ್ಷರಗಳನ್ನು ಎಣಿಸಿ, ಏರಿಳಿತಗಳನ್ನು ಸಮನಾಗಿ ಕೂಡ್ರಿಸುವದು ವಾಡಿಕೆ. ಹಾಪ್ಕಿನ್ಸನು ಏರುಗಳನ್ನು ಮಾತ್ರ ಎಣಿಸಿದನು; ಅವುಗಳ ನಡುವೆ ಇಳಿವ ಅಕ್ಷರಗಳು ಒಂದೂ ಇಲ್ಲದಿರಬಹುದು, ಮೂರೂ ಇರಬಹುದು. ನಮ್ಮ ತ್ರಿಪದಿ ಸಾಂಗತ್ಯಗಳ ಅಂಶಗಣಗಳಲ್ಲಿ ಅಕ್ಷರ ಹೆಚ್ಚುಕಡಿಮೆಯಾದರೂ ಹಾಡುವಾಗ ಕಾಲವು ತಪ್ಪದಿರುವದನ್ನು ಬಲ್ಲವರಿಗೆ ಇದು ಬೇಗ ತಿಳಿಯುವದು. ಅದೂ ಇದೂ ಒಂದೇ ಎಂದು ನಾನು ಹೇಳಲಾರೆ. ಕಿವಿಗೆ ನೆರೆಹೊರೆ ಅನಿಸುತ್ತವೆ. ಹಳ್ಳಿಯ ಮಕ್ಕಳ ಹಾಡಿನಲ್ಲಿ ಈ ನಡೆ ಮೊದಲೇ ಇತ್ತೆಂದು ಅವನೇ ಅನ್ನುತ್ತಿದ್ದನು. ಪಂಡಿತರ ಕಿವಿಗೆ ಒರಟಾದುದು ಬೀಸುವವಳ ಕಿವಿಗೆ ಸಹಜವಾಗಿರುವದು ಎಲ್ಲ ದೇಶಗಳಲ್ಲಿಯೂ ಉಂಟು.

ಹಾಪ್ಕಿನ್ಸನ ಆಕ್ಸ್‌ಫರ್ಡಿನ ಗೆಳೆಯನೊಬ್ಬನಿದ್ದನು, ರಾಬರ್ಟ್ ಬ್ರಿಜಿಸ್. ವೃತ್ತಿಯಿಂದ ವೈದ್ಯ, ತಾನೂ ಕವಿ. ಗೆಳೆಯನು ಪತ್ರಗಳೊಡನೆ ಕಳಿಸಿದ ಒಂದೊಂದು ಪದ್ಯವನ್ನೂ ಜೋಡಿಸಿಟ್ಟಿದ್ದನು. ಅವುಗಳಲ್ಲಿ ಹಲವು ಅವನಿಗೆ ರುಚಿಸುತ್ತಿದ್ದಿಲ್ಲ. ಆದರೂ ಒಂದು ಹಾಳೆಯನ್ನೂ ಕಳೆಯಗೊಡಲಿಲ್ಲ. ೧೯೧೩ರಲ್ಲಿ ಆಸ್ಟಿನ್ನನು ಸತ್ತು, ಪೀಠವು ಈ ಬ್ರಿಜಿಸನಿಗೆ ಬಂದಿತು. ೧೯೧೮ರಲ್ಲಿ, ಗೆಳೆಯನು ತೀರಿದ ಇಪ್ಪತ್ತೊಂಬತ್ತು ವರ್ಷಗಳ ಮೇಲೆ, ಅವನ ಕವಿತೆಗಳನ್ನು ಆಸ್ಥಾನಕವಿಯೇ ಸಂಪಾದಿಸಿ ಪ್ರಕಟಿಸಿದನು. ಏಳುನೂರೈವತ್ತು ಪ್ರತಿ ಅಚ್ಚಾದವು. ಎರಡನೆಯ ಆವೃತ್ತಿಯು ಹೊರಟದ್ದು ೧೯೩೦ರಲ್ಲಿ.